ಫ್ಯಾನ್ ವಿಮಾನ ಹಳೇದಲ್ಲ, ಮೈಸೂರಿಗೆ ಹೇಳಿ ಮಾಡಿಸಿದ್ದು

ಪ್ರಶ್ನೆ: ಹೈದರಾಬಾದಿನಲ್ಲಿರುವ ತಂಗಿ ಮನೆಗೆ ಅಮ್ಮನನ್ನು ಮೈಸೂರಿನಿಂದಲೇ ವಿಮಾನದಲ್ಲಿ ಕಳಿಸೋಣ ಅಂತಿದ್ದೇವೆ. ಅಮ್ಮ ಮಾತ್ರ 'ಆ ಫ್ಯಾನ್ ಇರೋ ಹಳೇ ವಿಮಾನ ಬೇಡಪ್ಪ, ಬೆಂಗಳೂರಿಗೇ ಹೋಗಿ ದೊಡ್ಡದು ಹತ್ತುತ್ತೀನಿ' ಅಂತ ಹಟ ಹಿಡಿದಿದ್ದಾರೆ. ಅವರ ಭಯದಲ್ಲಿ ಅರ್ಥ ಇದೆಯಾ? (ಮಂಡ್ಯದ ಓದುಗರು)

ಉತ್ತರ: ಭಯ ಸಹಜ. ಆದರೆ ಅದಕ್ಕೆ ಕಾರಣ ಇಲ್ಲ ಅಂತ ಅಮ್ಮನಿಗೆ ಧೈರ್ಯವಾಗಿ ಹೇಳಿ. ಫ್ಯಾನ್ ಕಂಡ ಕೂಡಲೇ ಹಳೇ ಕಾಲದ ವಿಮಾನ ಅಂದುಕೊಳ್ಳುವವರು ಬಹಳ ಜನ. ಆದರೆ ಆ ಫ್ಯಾನಿನ ಹಿಂದೆ ಇರುವುದು ಜೆಟ್ ವಿಮಾನದಲ್ಲಿರುವ ಜಾತಿಯ ಗ್ಯಾಸ್ ಟರ್ಬೈನ್ ಎಂಜಿನ್ನೇ. ಇಲ್ಲಿ ಅದರ ಶಕ್ತಿಯೆಲ್ಲ ಹೆಚ್ಚುಕಮ್ಮಿ ಆ ಫ್ಯಾನ್, ಅಂದರೆ ಪ್ರೊಪೆಲ್ಲರ್, ತಿರುಗಿಸಲು ಹೋಗುತ್ತದೆ. ಅದಕ್ಕೇ ಇದು ಟರ್ಬೊಪ್ರಾಪ್. ಇಂಥದೇ ವಿಮಾನವಾದ ಎಟಿಆರ್ 72ರ ಟರ್ಬೈನ್ ನಿಮಿಷಕ್ಕೆ ಸುಮಾರು 20,000 ಸುತ್ತು ತಿರುಗಿದರೆ, ಗೇರ್‌ಬಾಕ್ಸ್ ದಾಟಿ ಪ್ರೊಪೆಲ್ಲರ್‌ಗೆ ಬರುವಾಗ ಅದು 1,200 ಸುತ್ತಿಗೆ ಇಳಿದಿರುತ್ತದೆ. ಆರು ಅಲಗಿನ ಆ ಪ್ರೊಪೆಲ್ಲರ್‌ನ ಅಗಲ ಸುಮಾರು 4 ಮೀಟರ್. ಒಟ್ಟಿಗೆ ತುಂಬಾ ಗಾಳಿಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳುವುದರಿಂದ ಇಂಧನ ಕಡಿಮೆ ಸಾಕು. ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗಕ್ಕೆ ಇದಕ್ಕಿಂತ ಒಳ್ಳೆ ಏರ್ಪಾಡಿಲ್ಲ.

ಹಳೇದು ಅನ್ನುವ ಮಾತಿಗೆ ಬರೋಣ. ಫ್ರಾನ್ಸ್ ಮತ್ತು ಇಟಲಿಯ ಕಂಪನಿಗಳು ಸೇರಿ 1981ರಲ್ಲಿ ಎಟಿಆರ್ ಶುರು ಮಾಡಿದವು. ಎಟಿಆರ್ 42 ಮೊದಲ ಸಲ ಹಾರಿದ್ದು 1984ರಲ್ಲಿ, 72 ಹಾರಿದ್ದು 1988ರಲ್ಲಿ. ಈಗ ಓಡಾಡುವ 600 ಸರಣಿ 2011ರಲ್ಲಿ ಬಳಕೆಗೆ ಬಂತು. ಪೈಲಟ್ ಮುಂದೆ ಗುಂಡು ಮೀಟರ್‌ಗಳ ಬದಲು ದೊಡ್ಡ ಸ್ಕ್ರೀನ್‌ಗಳಿವೆ. ಟೇಕಾಫ್ ಆಗುವಾಗ ಒಂದು ಎಂಜಿನ್ ಕೈಕೊಟ್ಟರೆ ಆ ಕಡೆಯ ಅಲಗುಗಳು ತಾವಾಗೇ ಅಂಚು ತಿರುಗಿಸಿಕೊಂಡು ಗಾಳಿಗೆ ಅಡ್ಡ ಬರದ ಹಾಗೆ ನಿಲ್ಲುತ್ತವೆ. ಇನ್ನೊಂದೇ ಎಂಜಿನ್ನಿನಲ್ಲಿ ಮೇಲೇರಿ, ಸುತ್ತಿ ಬಂದು ಇಳಿಯಬಲ್ಲದು ಅಂತ ತೋರಿಸಿದ ಮೇಲೇ ಇಂಥ ವಿಮಾನಕ್ಕೆ ಪರವಾನಗಿ ಸಿಗುವುದು.

ಒಂದು ವಿಷಯ ಅಮ್ಮನಿಗೆ ಮೊದಲೇ ತಿಳಿಸಿಬಿಡಿ, ಇಲ್ಲದಿದ್ದರೆ ಗಾಬರಿಯಾಗಬಹುದು. ಹತ್ತುವಾಗ ಬಲಗಡೆಯ ಫ್ಯಾನ್ ನಿಂತೇ ಇರುತ್ತದೆ, ಆದರೆ ಎಂಜಿನ್ ಶಬ್ದ ಬರುತ್ತಿರುತ್ತದೆ. ಏನೂ ಕೆಟ್ಟಿರುವುದಿಲ್ಲ. ಆ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ, ಒಳಗೆ ಎಂಜಿನ್ ಓಡಿಸಿ ಕರೆಂಟು ಮತ್ತು ಎಸಿ ಕೊಡುವ ಏರ್ಪಾಡು ಅದು. ದೊಡ್ಡ ಜೆಟ್‌ಗಳಲ್ಲಿ ಈ ಕೆಲಸಕ್ಕೆ ಬಾಲದಲ್ಲಿ ಬೇರೆ ಸಣ್ಣ ಎಂಜಿನ್ ಇರುತ್ತದೆ. ಎಟಿಆರ್ ಆ ತೂಕವನ್ನೂ ಉಳಿಸಿದೆ.

ಕುಲುಕಾಟ ಸ್ವಲ್ಪ ಜಾಸ್ತಿ, ಅದು ನಿಜ. ಇದು ಹಾರುವುದು 25,000 ಅಡಿಯೊಳಗೆ. ಹಾಗಾಗಿ ಮಳೆಗಾಲದಲ್ಲಿ ಮೋಡ ತಪ್ಪಿಸಿ ಮೇಲೆ ಹೋಗಲು ಆಗುವುದಿಲ್ಲ. ಹಿಂದಿನ ಸೀಟು ಕೇಳಿ. ಪ್ರೊಪೆಲ್ಲರ್ ಮುಂಭಾಗಕ್ಕೆ ಹತ್ತಿರ ಇರುವುದರಿಂದ ಹಿಂದೆ ಶಬ್ದ ಕಡಿಮೆ. ಬಾಗಿಲೂ ಹಿಂದೆಯೇ ಇದೆ, ಮೆಟ್ಟಿಲೂ ಕೆಲವೇ. ಮೊಣಕಾಲು ನೋವಿರುವವರಿಗೆ ಇದು ದೊಡ್ಡ ವಿಮಾನಕ್ಕಿಂತ ಸಲೀಸು.

ಪ್ರಶ್ನೆ: ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ವಿಮಾನ ಶುರುವಾಗುತ್ತದೆ, ಸ್ವಲ್ಪ ದಿನಕ್ಕೆ ನಿಂತುಹೋಗುತ್ತದೆ. ಸಣ್ಣ ವಿಮಾನ ಆದ್ದರಿಂದಲೇ ಹೀಗಾ? ದೊಡ್ಡದು ಬಂದರೆ ಸರಿಹೋಗುತ್ತಾ? (ಮೈಸೂರಿನ ವ್ಯಾಪಾರಿಯೊಬ್ಬರು)

ಉತ್ತರ: ನಿಮ್ಮ ಬೇಸರ ನನಗೂ ಇದೆ. ಆದರೆ ವಿಮಾನದ ಮೇಲೆ ತಪ್ಪು ಹೊರಿಸಬೇಡಿ. ಮಂಡಕಳ್ಳಿ ರನ್‌ವೇ 1,740 ಮೀಟರ್. ಎಟಿಆರ್ 72ಕ್ಕೆ ಪೂರ್ತಿ ತೂಕದಲ್ಲಿ, ಸಮುದ್ರ ಮಟ್ಟದಲ್ಲಿ, ಸುಮಾರು 1,300 ಮೀಟರ್ ಸಾಕು. ಮೈಸೂರು 700 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಬೇಸಿಗೆ ಮಧ್ಯಾಹ್ನ ಇನ್ನೂ ತೆಳು, ಆಗ ಓಟ ಜಾಸ್ತಿ ಬೇಕಾಗುತ್ತದೆ. ಆದರೂ ಎಟಿಆರ್‌ಗೆ ಜಾಗ ಇದೆ. 180 ಜನರ ಜೆಟ್‌ಗೆ ತುಂಬಿದ ಹೊಟ್ಟೆಯಲ್ಲಿ ಏಳಲು ಇದು ಸಾಲದು. ರನ್‌ವೇ ಬೆಳೆಸಲು ನಂಜನಗೂಡು ಹೆದ್ದಾರಿ ಅಡ್ಡ ಬರುತ್ತದೆ. ರಸ್ತೆಯನ್ನು ರನ್‌ವೇ ಕೆಳಗೆ ಹಾಯಿಸಬೇಕೆಂಬ ಪ್ರಸ್ತಾಪ ಬಂದಿದ್ದು ಅದಕ್ಕೇ.

ನಿಂತುಹೋಗುವುದಕ್ಕೆ ನಿಜವಾದ ಕಾರಣ ಮಾರ್ಗ ಮತ್ತು ಲೆಕ್ಕ. 2010ರಲ್ಲಿ ಹೊಸ ಟರ್ಮಿನಲ್ ಆದಾಗ ಮೊದಲು ಹಾರಿಸಿದ್ದು ಬೆಂಗಳೂರಿಗೆ. ನೀವೇ ಯೋಚಿಸಿ, ಬೆಂಗಳೂರಿಗೆ ಹೋಗಲು ಮಂಡಕಳ್ಳಿಗೆ ಹೋಗಿ, ಕಾದು, ಹಾರಿ, ದೇವನಹಳ್ಳಿಯಲ್ಲಿ ಇಳಿದು ಮತ್ತೆ ಊರೊಳಗೆ ಬರುವಷ್ಟರಲ್ಲಿ ರೈಲೇ ಮೆಜೆಸ್ಟಿಕ್ ಮುಟ್ಟಿರುತ್ತದೆ, ಅಲ್ವಾ? 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಬಂದ ಮೇಲಂತೂ ಕೇಳುವುದೇ ಬೇಡ. ಟರ್ಬೊಪ್ರಾಪ್ ಲಾಭ ಕೊಡುವುದು 300ರಿಂದ 600 ಕಿ.ಮೀ. ದೂರದಲ್ಲಿ. ಮೈಸೂರಿನಿಂದ ಚೆನ್ನೈ, ಹೈದರಾಬಾದ್, ಗೋವಾ ಸರಿಯಾಗಿ ಆ ಅಳತೆಯಲ್ಲಿವೆ. ಆ ದೂರದಲ್ಲಿ ಜೆಟ್ ಉಳಿಸುವುದು ಅರ್ಧ ಗಂಟೆಗಿಂತ ಕಡಿಮೆ, ಆದರೆ ಕುಡಿಯುವ ಇಂಧನ ಬಹಳ ಜಾಸ್ತಿ.

ನಮ್ಮ ನಿಯಮಗಳೂ ಇಂಥ ವಿಮಾನಕ್ಕೆ ಅನುಕೂಲವಾಗಿವೆ. 80ಕ್ಕಿಂತ ಕಡಿಮೆ ಸೀಟಿನ ದೇಶೀಯ ವಿಮಾನಕ್ಕೆ ಇಳಿಯುವ ಶುಲ್ಕದಲ್ಲಿ ವಿನಾಯಿತಿ ಇದೆ. ಟರ್ಬೊಪ್ರಾಪ್ ಇಂಧನದ ಮೇಲಿನ ಮಾರಾಟ ತೆರಿಗೆಯನ್ನು ಕೇಂದ್ರದ ಕಾನೂನು ಕೆಳಮಟ್ಟದಲ್ಲೇ ಕಟ್ಟಿಹಾಕಿದೆ. ಜೊತೆಗೆ ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆ. 2017ರಲ್ಲಿ ಟ್ರೂಜೆಟ್ ಕಂಪನಿ ಚೆನ್ನೈಗೆ, 2019ರಲ್ಲಿ ಅಲಯನ್ಸ್ ಏರ್ ಕಂಪನಿ ಬೇರೆ ಊರುಗಳಿಗೆ ಇಲ್ಲಿಂದ ಹಾರಿದ್ದು ಇದೇ ಯೋಜನೆಯಲ್ಲಿ. ಅರ್ಧದಷ್ಟು ಸೀಟುಗಳ ದರಕ್ಕೆ ಮಿತಿ, ಅದರ ನಷ್ಟಕ್ಕೆ ಸರ್ಕಾರದ ದುಡ್ಡು. ಆದರೆ ಆ ದುಡ್ಡು ಮೂರು ವರ್ಷ ಮಾತ್ರ. ಆಮೇಲೆ ಸ್ವಂತ ಕಾಲ ಮೇಲೆ ನಿಲ್ಲಬೇಕು. ಅಷ್ಟರೊಳಗೆ ದಿನಾ ಒಂದೇ ಹೊತ್ತಿಗೆ ತಪ್ಪದೆ ಹಾರಿ ಜನರ ನಂಬಿಕೆ ಗಳಿಸದಿದ್ದರೆ ಸೀಟು ತುಂಬುವುದಿಲ್ಲ. ನಾನು ಕೇಳುವುದು ಇಷ್ಟೇ: ಮೈಸೂರಿಗೆ ದೊಡ್ಡ ವಿಮಾನಕ್ಕಿಂತ ಮೊದಲು ಬೆಳಿಗ್ಗೆ ಹೋಗಿ ಸಂಜೆ ಬರುವಂಥ ಎಟಿಆರ್ ಕೊಡಿ.

ಪ್ರಶ್ನೆ: ಬೆಂಗಳೂರಲ್ಲೇ ಮಾಡಿದ ಸಾರಸ್ ವಿಮಾನ ಏನಾಯ್ತು? ನಮ್ಮದೇ ಸಣ್ಣ ಪ್ರಯಾಣಿಕ ವಿಮಾನ ಯಾಕಿಲ್ಲ? (ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ)

ಉತ್ತರ: ಸಾರಸ್ ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರ ಕನಸು. 14 ಸೀಟು, ಬಾಲದ ಹತ್ತಿರ ಎರಡು ಎಂಜಿನ್, ಹಿಂದಕ್ಕೆ ಮುಖ ಮಾಡಿದ ಪ್ರೊಪೆಲ್ಲರ್. 2004ರ ಮೇ 29ರಂದು ಮೊದಲ ಹಾರಾಟ ಆಯಿತು. ತೂಕವೇ ತೊಡಕಾಯಿತು. 4,125 ಕೆ.ಜಿ. ಅಂದುಕೊಂಡಿದ್ದು 5,118 ಕೆ.ಜಿ.ಗೆ ಹೋಯಿತು. ವಿಮಾನದಲ್ಲಿ ಇಷ್ಟು ವ್ಯತ್ಯಾಸ ಬಂದರೆ ಹತ್ತಿಸುವ ಜನ, ತುಂಬುವ ಇಂಧನ, ಬೇಕಾದ ರನ್‌ವೇ ಎಲ್ಲವೂ ಏರುಪೇರು.

2009ರ ಮಾರ್ಚ್ 6ರಂದು ಎರಡನೇ ಮಾದರಿ ಬಿಡದಿ ಹತ್ತಿರದ ಶೇಷಗಿರಿಹಳ್ಳಿಯಲ್ಲಿ ಬಿದ್ದು ವಾಯುಪಡೆಯ ಮೂವರು ತೀರಿಕೊಂಡರು. ಆಕಾಶದಲ್ಲಿ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಮತ್ತೆ ಹೊತ್ತಿಸಲು ಬರೆದುಕೊಟ್ಟ ಕ್ರಮವೇ ತಪ್ಪಾಗಿತ್ತು ಎಂದು ತನಿಖೆ ಹೇಳಿತು. ಎಂಜಿನಿಯರ್ ಆಗಲು ಹೊರಟಿರುವ ನೀವು ಆ ಭಾಗವನ್ನು ಹುಡುಕಿ ಓದಲೇಬೇಕು. ಕಾಗದದ ಮೇಲಿನ ಒಂದು ಸಾಲಿಗೆ ಎಷ್ಟು ತೂಕ ಇದೆ ಅಂತ ಗೊತ್ತಾಗುತ್ತದೆ. ಆಮೇಲೆ ಯೋಜನೆ ವರ್ಷಗಟ್ಟಲೆ ಮೂಲೆ ಸೇರಿತು. ತಿದ್ದಿದ ಮಾದರಿ 2018ರ ಜನವರಿ 24ರಂದು ಹಾರಿತು. ಈಗಿನ ಗುರಿ 19 ಸೀಟಿನ ಹೊಸ ಸಾರಸ್.

ಇಲ್ಲಿ ತಯಾರಾದ ವಿಮಾನವೇ ಇಲ್ಲ ಅನ್ನುವುದು ಮಾತ್ರ ಸರಿಯಲ್ಲ. ಜರ್ಮನಿಯ ಡಾರ್ನಿಯರ್ 228ನ್ನು ಎಚ್‌ಎಎಲ್ ಕಾನ್ಪುರದಲ್ಲಿ 80ರ ದಶಕದಿಂದ ಲೈಸೆನ್ಸ್ ಪಡೆದು ತಯಾರಿಸುತ್ತಿದೆ. ಬಹುಪಾಲು ಸೇನೆಗೆ ಮತ್ತು ಕರಾವಳಿ ಕಾವಲಿಗೆ ಹೋದವು. 2022ರ ಏಪ್ರಿಲ್‌ನಲ್ಲಿ ಅದರ 17 ಸೀಟಿನ ನಾಗರಿಕ ಮಾದರಿ ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟಿಗೆ ಟಿಕೆಟ್ ಕೊಂಡ ಪ್ರಯಾಣಿಕರನ್ನು ಕರೆದೊಯ್ದಿತು.