ಕಾಕಾನ ಮನೆ ಬಿಟ್ಟು ರೂಮ್ ಮಾಡಿದರೆ ಸ್ವಾರ್ಥವಾ?

ಪ್ರಶ್ನೆ: ನನಗೆ 26 ವರ್ಷ. ಊರು ಬ್ಯಾಡಗಿ. ಕೆಲಸ ಹುಬ್ಬಳ್ಳಿಯಲ್ಲಿ, ವಾಸ ಕೇಶ್ವಾಪುರದ ಕಾಕಾನ ಮನೆಯಲ್ಲಿ. ಕಾಕು ಕೇಳದೆ ನನ್ನ ಕಪಾಟು ತೆಗೆದು ಇಸ್ತ್ರಿ ಬಟ್ಟೆ ಜೋಡಿಸುತ್ತಾರೆ. ಕೇಳಿದರೆ ‘ನಮ್ಮ ಹುಡುಗಿ ಕಪಾಟಿಗೆ ಕೇಳೂದೇನೈತಿ?’ ಅನ್ನುತ್ತಾರೆ. ನನ್ನ ಪಗಾರ ಓಣಿಗೆಲ್ಲ ಗೊತ್ತು. ರೂಮ್ ಮಾಡ್ತೀನಿ ಅಂದರೆ ಅವ್ವ ‘ಮಂದಿ ಏನಂತಾರ?’ ಅನ್ನುತ್ತಾಳೆ. ಗೆಳತಿ ‘ನಿನ್ನ ಲೈಫು, ನಿನ್ನಿಷ್ಟ’ ಅನ್ನುತ್ತಾಳೆ. ನಾನು ಸ್ವಾರ್ಥಿನಾ? ಕಾಕುನ ಸ್ವಭಾವವೇ ಸರಿ ಇಲ್ವಾ? ರೂಮ್ ಮಾಡಿದರೆ ಅವರಿಗೊಂದು ಕೀಲಿ ಕೊಡಬೇಕಾ?

ಉತ್ತರ: ರೂಮ್ ಮಾಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ನಿಮ್ಮ ತಲೆಗೆ ಹೋಗುವುದಿಲ್ಲ.

ಆದರೆ ಅದಕ್ಕಾಗಿ ಕಾಕುನ ಕೆಟ್ಟವರು ಮಾಡಬೇಕಾಗಿಲ್ಲ. ಅವರ ಲೆಕ್ಕದಲ್ಲಿ ಕಪಾಟು ಮನೆಯದು, ನೀವೂ ಮನೆಯವರು. ನಮ್ಮ ಕಡೆ ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ‘ಯಾರ ಪೈಕಿ?’ ಅಂತ ಕೇಳುತ್ತೇವೆ ಅಲ್ವಾ, ಅದೇ ಲೆಕ್ಕ ಇದು. ನಿಮ್ಮ ಗೆಳತಿಗೆ ಮೊದಲು ನೀವು, ಪೈಕಿ ಆಮೇಲೆ. ಪಗಾರದ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಹೆಮ್ಮೆಗೆ ಹೇಳಿಕೊಂಡರೂ ಓಣಿಯಲ್ಲಿ ಸಾಲ ಕೇಳುವವರು ಜಾಸ್ತಿ.

ಮನಶ್ಶಾಸ್ತ್ರಜ್ಞೆ ಜೋನ್ ಮಿಲ್ಲರ್ ಅವರ ಅಧ್ಯಯನವೊಂದು 1984ರಲ್ಲಿ ಪ್ರಕಟವಾಯಿತು. ಒಂದು ಕಡೆ ಶಿಕಾಗೊದವರು, ಇನ್ನೊಂದು ಕಡೆ ನಮ್ಮ ಮೈಸೂರಿನವರು. ಪರಿಚಯದವರು ಮಾಡಿದ ಒಳ್ಳೆಯ, ಕೆಟ್ಟ ಕೆಲಸಗಳನ್ನು ನೆನೆದು ‘ಯಾಕೆ ಹಾಗೆ ಮಾಡಿದರು?’ ಅಂತ ಹೇಳಬೇಕು. ಶಿಕಾಗೊದ ದೊಡ್ಡವರು ಹೆಚ್ಚಾಗಿ ‘ಅವರ ಸ್ವಭಾವ ಅಂಥದ್ದು’ ಅಂದರು. ಮೈಸೂರಿನ ದೊಡ್ಡವರು ಸಂದರ್ಭ, ಸಂಬಂಧ ಹಿಡಿದು ಮಾತಾಡಿದರು. ಚಿಕ್ಕ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಇರಲಿಲ್ಲ. ಅಂದರೆ ಬೆಳೆಯುತ್ತಾ ರೂಢಿಯಾಗಿದ್ದು. ನೀವು ಬ್ಯಾಡಗಿಯವರಾದರೂ ನಿಮ್ಮ ಮೊದಲ ಎರಡು ಪ್ರಶ್ನೆ ಶಿಕಾಗೊದವು! ಒಂದೇ ಸೂರಿನಡಿ ಎರಡು ರೂಢಿ ಸೇರಿವೆ. ಸ್ವಭಾವವನ್ನು ಸುಮ್ನೆ ಯಾಕೆ ಎಳೆಯುತ್ತೀರಿ?

ಅವ್ವನಿಗೆ ಫೋನ್ ಮಾಡುವ ಮೊದಲು ಕಾಕಾ, ಕಾಕು ಎದುರು ಕೂತು ಹೇಳಿ. ಆಫೀಸು ದೂರ ಅನ್ನೋ ನೆಪ ಬೇಡ, ಹುಬ್ಬಳ್ಳಿಯವರಿಗೆ ದೂರ ಎಷ್ಟು ಅಂತ ಗೊತ್ತು. ‘ಒಬ್ಬಾಕಿನ ಇದ್ದು ನೋಡಬೇಕನ್ನಸ್ತೈತಿ ಕಾಕು’ ಅನ್ನಿ. ಒಂದಿಷ್ಟು ದಿನ ಮುಖ ಊದಿಸುತ್ತಾರೆ, ಊದಿಸಲಿ. ರೂಮ್ ನೋಡಲು ಕಾಕಾನನ್ನೇ ಕರೆದುಕೊಂಡು ಹೋಗಿ, ಬಾಡಿಗೆ ಚೌಕಾಸಿ ಅವರೇ ಮಾಡಲಿ. ನಾಳೆ ಮಂದಿ ಕೇಳಿದರೆ ‘ನಾನ ನೋಡಿ ಕೊಡಿಸೀನಿ’ ಅಂತ ಅವರೇ ಹೇಳುತ್ತಾರೆ.

ಕೀಲಿ ಕೊಡಬೇಡಿ. ಕಾಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದೇ ಬರುತ್ತಾರೆ. ಬಾಗಿಲು ಬಡಿಯಲಿ, ನೀವು ಎದ್ದು ತೆಗೆಯಿರಿ.