ನೋಡುತ್ತಾ ಕೂತರೆ ತಪ್ಪೇನು?

ಓದುಗರೊಬ್ಬರು ಬರೆದಿದ್ದಾರೆ: "ಚೆಕ್ ಸಂಗೀತ ಸಂಯೋಜಕ ಡ್ವೊರ್ಜಾಕ್‌ನ ‘ನ್ಯೂ ವರ್ಲ್ಡ್’ ಸಿಂಫನಿಯನ್ನು (ದೊಡ್ಡ ವಾದ್ಯವೃಂದ ನುಡಿಸುವ, ನಾಲ್ಕು ಭಾಗದ ಕೃತಿ) ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಷ್ಟೋ ಸಲ ಕೇಳಿದ್ದೇನೆ. ಮೊನ್ನೆ ಮೊದಲ ಸಲ ಸಭಾಂಗಣದಲ್ಲಿ ಕೇಳಿದೆ. ಮನೆಯಲ್ಲಿ ಕೇಳುವಷ್ಟು ಬಿಡಿಬಿಡಿಯಾಗಿ ಕೇಳಿಸಲಿಲ್ಲ. ಅರ್ಧ ಹೊತ್ತು ಯಾರು ಏನು ಮಾಡುತ್ತಿದ್ದಾರೆ ಅಂತ ನೋಡುತ್ತಾ ಕೂತೆ. ಮೊದಲ ಭಾಗ ಮುಗಿದಾಗ ಚಪ್ಪಾಳೆ ಬೇರೆ ತಟ್ಟಿಬಿಟ್ಟೆ, ಪಕ್ಕದವರು ತಿರುಗಿ ನೋಡಿದರು. ನನಗೆ ಕೇಳೋಕೆ ಬರಲ್ವಾ?"

ಬರುತ್ತದೆ, ಚೆನ್ನಾಗೇ ಬರುತ್ತದೆ. ಚಪ್ಪಾಳೆಯ ವಿಚಾರ ಮೊದಲು ಮುಗಿಸಿಬಿಡೋಣ, ಅದೇನು ದೊಡ್ಡದಲ್ಲ. 1778ರಲ್ಲಿ ಪ್ಯಾರಿಸ್‌ನಲ್ಲಿ ಮೊಜಾರ್ಟ್‌ನ ಹೊಸ ಸಿಂಫನಿ ನುಡಿಸುವಾಗ ಜನ ಭಾಗ ಮುಗಿಯುವ ತನಕವೂ ಕಾಯಲಿಲ್ಲ. ನಡುವೆಯೇ ಚಪ್ಪಾಳೆ ಹೊಡೆದರು. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಮುಗಿದ ತಕ್ಷಣ ಹೋಗಿ ಐಸ್‌ಕ್ರೀಮ್ ತಿಂದೆ ಅಂತ ಅಪ್ಪನಿಗೆ ಕಾಗದ ಬರೆದ. ಕೊನೆ ತನಕ ತೆಪ್ಪಗೆ ಕೂರಬೇಕೆನ್ನುವ ಕಟ್ಟುಪಾಡು ಆಮೇಲೆ ಬಂದದ್ದು. ನಾನೂ ಒಮ್ಮೆ ಒಬ್ಬನೇ ಎರಡು ಚಪ್ಪಾಳೆ ತಟ್ಟಿ, ಮೂರನೆಯದಕ್ಕೆ ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡಿದ್ದೇನೆ.

ಆದರೆ ‘ನೋಡುತ್ತಾ ಕೂತೆ’ ಅನ್ನುವುದನ್ನು ತಪ್ಪೊಪ್ಪಿಗೆ ಥರ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ನೀವು ಕೇಳಿದ ಸಿಂಫನಿಯನ್ನೇ ತಗೊಳ್ಳಿ. ಸುಮಾರು 40 ನಿಮಿಷದ ಕೃತಿ. ಅಷ್ಟರಲ್ಲಿ ಸಿಂಬಲ್, ಅಂದರೆ ಜೋಡಿ ಲೋಹದ ತಟ್ಟೆ, ಸದ್ದು ಮಾಡುವುದು ಒಂದೇ ಒಂದು ಸಲ, ನಾಲ್ಕನೇ ಭಾಗದಲ್ಲಿ. ಅದೂ ಝಣ್ ಅಂತಲ್ಲ, ಮೆತ್ತಗೆ. ರೆಕಾರ್ಡಿಂಗ್‌ನಲ್ಲಿ ವರ್ಷಗಟ್ಟಲೆ ಕೇಳಿದರೂ ನಾನು ಅದನ್ನು ಗಮನಿಸಿರಲಿಲ್ಲ. ಎದುರಿಗೆ ಕೂತು ಕೇಳಿದ ದಿನ ಹಿಂದಿನ ಸಾಲಿನಲ್ಲಿ ಒಬ್ಬಾಕೆ ಮೂರು ಭಾಗವೂ ಸುಮ್ನೆ ಕೈ ಕಟ್ಟಿ ಕೂತಿದ್ದರು. ನಾಲ್ಕನೆಯದು ಶುರುವಾಗಿ ಸ್ವಲ್ಪ ಹೊತ್ತಿಗೆ ಎದ್ದು ನಿಂತರು. ಎರಡೂ ತಟ್ಟೆ ಎತ್ತಿಕೊಂಡರು. ಕಣ್ಣು ವಾದ್ಯವೃಂದ ನಡೆಸುವ ಕಂಡಕ್ಟರ್ ಕೈ ಮೇಲೆ. ಅಂಚಿಗೆ ಅಂಚು ಸವರಿದ ಹಾಗೆ ಒಮ್ಮೆ ತಾಗಿಸಿದರು. ಆಮೇಲೆ ತಟ್ಟೆಗಳನ್ನು ಎದೆಗೆ ಒತ್ತಿ ಸದ್ದಡಗಿಸಿ, ಸಪ್ಪಳವಾಗದಂತೆ ಕೆಳಗಿಟ್ಟು ಕೂತರು. ಅವತ್ತಿನ ಅವರ ಕೆಲಸ ಮುಗಿದಿತ್ತು. ಈಗ ಮನೆಯಲ್ಲಿ ಹಾಕಿದರೂ ಆ ಸದ್ದು ನನ್ನ ಕಿವಿಗೆ ಬೀಳುತ್ತದೆ. ಬರುವ ಮುಂಚೆಯೇ ಕಾಯುತ್ತಿರುತ್ತೇನೆ.

ಬಿಡಿಬಿಡಿಯಾಗಿ ಕೇಳಿಸಲಿಲ್ಲ ಅಂದಿರಿ. ನಿಜ. ರೆಕಾರ್ಡ್ ಮಾಡುವವರು ವಾದ್ಯಗಳ ಹತ್ತಿರವೂ ಮೈಕ್ ಇಟ್ಟಿರುತ್ತಾರೆ. ಸಭಾಂಗಣದಲ್ಲಿ ವಾದ್ಯದಿಂದ ನೇರ ಬಂದ ನಾದಕ್ಕೆ ಗೋಡೆ, ಚಾವಣಿಗೆ ಬಡಿದು ಬಂದ ನಾದ ಸೇರಿಕೊಳ್ಳುತ್ತದೆ. ಜೊತೆಗೆ, ಇಪ್ಪತ್ತು ಮೂವತ್ತು ವಯಲಿನ್‌ಗಳು ಒಂದೇ ಸ್ವರ ನುಡಿಸಿದರೂ ಶ್ರುತಿಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಕಮಾನೂ ಎಲ್ಲರದು ಅದೇ ಕ್ಷಣಕ್ಕೆ ತಂತಿ ಮುಟ್ಟುವುದಿಲ್ಲ. ಆ ಹೆಚ್ಚುಕಮ್ಮಿ ಇರುವುದರಿಂದಲೇ ನಾದ ದಪ್ಪ ಆಗುವುದು. ಒಂದೇ ವಯಲಿನ್‌ನ ಸದ್ದು ಜಾಸ್ತಿ ಮಾಡಿ ನೋಡಿ, ಅದು ಬರುವುದಿಲ್ಲ.

ಮುಂದಿನ ಸಲ ಸ್ವಲ್ಪ ಮುಂಚೆ ಹೋಗಿ. ಶುರುವಿಗೆ ಮೊದಲು ಓಬೋ ಅನ್ನುವ ಊದುವ ವಾದ್ಯ ಒಂದೇ ಸ್ವರ ಹಿಡಿದು ನಿಲ್ಲುತ್ತದೆ, ಸೆಕೆಂಡಿಗೆ 440 ಕಂಪನದ ಆಸುಪಾಸು. ಉಳಿದವರೆಲ್ಲ ಅದಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ. ರೆಕಾರ್ಡಿಂಗ್‌ಗಳಲ್ಲಿ ಸಾಮಾನ್ಯವಾಗಿ ಇದನ್ನು ಕತ್ತರಿಸಿರುತ್ತಾರೆ, ನನಗಂತೂ ಅದು ಕಛೇರಿಯ ಮೊದಲ ಐಟಂ. ಮತ್ತೆ, ಮುಂದಿನ ಸಾಲಿನ ಟಿಕೆಟ್ ತಗೋಬೇಡಿ. ಅಲ್ಲಿಂದ ವಯಲಿನ್‌ನವರ ಬೂಟು ಚೆನ್ನಾಗಿ ಕಾಣುತ್ತದೆ, ಅಷ್ಟೆ. ಬಾಲ್ಕನಿ ಸಿಕ್ಕರೆ ಒಳ್ಳೆಯದು. ಸಿಂಬಲ್‌ನವರು ಎದ್ದು ನಿಲ್ಲುವುದು ಕಾಣಬೇಕಲ್ವಾ?

– ಸಂ.