ಲೇಟೆಕ್ ಬರೆಯೋದು ಆನ್‌ಲೈನ್‌ನಲ್ಲೋ, ಲ್ಯಾಪ್‌ಟಾಪ್‌ನಲ್ಲೋ?

ಪ್ರಶ್ನೆ: ಮೇಡಂ, ನಾನು ಬಳ್ಳಾರಿಯಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಥೀಸಿಸ್ ಲೇಟೆಕ್‌ನಲ್ಲೇ (ಕೋಡ್‌ನಂತೆ ಬರೆದರೆ ಸೂತ್ರ, ಪುಟ ಎಲ್ಲ ಜೋಡಿಸಿಕೊಡುವ ತಂತ್ರಾಂಶ) ಇರಬೇಕು ಅಂತ ಗೈಡ್ ಹೇಳಿದ್ದಾರೆ. ಒಂದು ಆನ್‌ಲೈನ್ ಎಡಿಟರ್‌ನ ಫ್ರೀ ಖಾತೆಯಲ್ಲಿ ಶುರು ಮಾಡಿದೆ. ಮೂರು ಅಧ್ಯಾಯ ಆಗುವಷ್ಟರಲ್ಲಿ, ಬರೆದದ್ದನ್ನು ಪಿಡಿಎಫ್ ಮಾಡಲು ಹೋದರೆ ಕಂಪೈಲ್ ಟೈಮ್ ಔಟ್ ಅಂತ ಬರುತ್ತಿದೆ. ಶನಿವಾರ ಸಿರುಗುಪ್ಪದ ಹತ್ತಿರ ನಮ್ಮೂರಿಗೆ ಹೋದರೆ ನೆಟ್‌ವರ್ಕೇ ಸಿಗಲ್ಲ. ಮೇಲಾಗಿ ಕನ್ನಡದ ಸಾರಾಂಶದ ಪುಟದಲ್ಲಿ ಅಕ್ಷರವೇ ಮೂಡುತ್ತಿಲ್ಲ. ದುಡ್ಡು ಕಟ್ಟಲೇ, ಬೇರೆ ಎಡಿಟರ್ ನೋಡಲೇ?
— ಸಂಶೋಧನಾ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಈಗಲೇ ದುಡ್ಡು ಕಟ್ಟಬೇಡಿ. ಎಡಿಟರ್ ಯಾವುದು ಅಂತ ನೀವು ಬರೆದಿಲ್ಲ, ಇರಲಿ. ಕಂಪೈಲ್ ಆಗೋದು ಅವರ ಸರ್ವರ್‌ನಲ್ಲಿ, ಅದನ್ನು ಎಲ್ಲರೂ ಹಂಚಿಕೊಳ್ಳಬೇಕು, ಹಾಗಾಗಿ ಫ್ರೀ ಖಾತೆಗೆ ಸಮಯದ ಮಿತಿ ಹಾಕಿರುತ್ತಾರೆ. ಆದರೆ ಮೂರೇ ಅಧ್ಯಾಯಕ್ಕೆ ಆ ಮಿತಿ ದಾಟುತ್ತಿದೆ ಅಂದರೆ ನನ್ನ ಅನುಮಾನ ಚಿತ್ರಗಳ ಮೇಲೆ. ಮ್ಯಾಟ್‌ಲ್ಯಾಬ್‌ನಿಂದ ತೆಗೆದ ಗ್ರಾಫ್‌ನಲ್ಲಿ ಲಕ್ಷಗಟ್ಟಲೆ ಚುಕ್ಕಿ ಇದ್ದು, ಅದನ್ನು ಪಿಡಿಎಫ್ ಆಗಿ ಸೇರಿಸಿದ್ದರೆ ಒಂದೊಂದು ಚುಕ್ಕಿಯೂ ಭಾರವೇ. ಅಂಥದ್ದನ್ನು ಪಿಎನ್‌ಜಿ ಮಾಡಿ ಹಾಕಿ. ಟಿಕ್‌ಝ್‌ನಲ್ಲಿ (ಲೇಟೆಕ್ ಒಳಗೇ ಕೋಡ್‌ನಿಂದ ಚಿತ್ರ ಬರೆಯುವ ಪ್ಯಾಕೇಜ್, ಅಂದರೆ ಹೆಚ್ಚುವರಿ ಸೌಲಭ್ಯದ ಫೈಲ್‌ಗಳು) ಬರೆದ ಚಿತ್ರಗಳಿದ್ದರೆ ಒಮ್ಮೆ ಬೇರೆಯಾಗಿ ಕಂಪೈಲ್ ಮಾಡಿ, ಬಂದ ಪಿಡಿಎಫ್ ಅನ್ನೇ ಸೇರಿಸಿ. ಇಲ್ಲದಿದ್ದರೆ ಒಂದು ಅಲ್ಪವಿರಾಮ ತಿದ್ದಿದರೂ ಅಷ್ಟೂ ಚಿತ್ರಗಳನ್ನು ಅದು ಮತ್ತೆ ಬರೆಯುತ್ತದೆ, ನೀವು ಹೊರಗೆ ಹೋಗಿ ಒಗ್ಗರಣೆ ಮಿರ್ಚಿ ತಿಂದು ಬರಬಹುದು. ಒಂದೊಂದು ಅಧ್ಯಾಯಕ್ಕೆ ಒಂದೊಂದು ಫೈಲ್ ಮಾಡಿ, ಇನ್‌ಕ್ಲೂಡ್‌ಓನ್ಲಿ ಅನ್ನೋ ಆದೇಶ ಬಳಸಿ ಇವತ್ತು ತಿದ್ದುತ್ತಿರುವ ಅಧ್ಯಾಯವನ್ನಷ್ಟೇ ಓಡಿಸಿ.

ಇನ್ನು ಯಾವ ಎಡಿಟರ್ ಅನ್ನೋದು. ನಾನಾದರೆ ಮೊದಲು ಕೇಳೋದು, ನಿಮ್ಮ ಗೈಡ್ ಫೈಲ್ ಒಳಗೇ ಕೂತು ತಿದ್ದುತ್ತಾರಾ, ಇಲ್ಲ ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿಯುತ್ತಾರಾ? ಕೆಂಪು ಪೆನ್ನಿನವರಾದರೆ ಆನ್‌ಲೈನ್‌ನ ಹಂಗೇ ಬೇಡ. ಫೈಲ್‌ನಲ್ಲೇ ತಿದ್ದುವವರಾದರೆ ಓವರ್‌ಲೀಫ್ ಅನ್ನೋ ಆನ್‌ಲೈನ್ ಎಡಿಟರ್ ಸಾಕು. ಶೇರ್‌ಲೇಟೆಕ್ ಅಂತ ಇನ್ನೊಂದಿತ್ತಲ್ಲ, ಅದೂ 2017ರಲ್ಲಿ ಇದರ ಜೊತೆಗೇ ಸೇರಿತು. ಜರ್ನಲ್‌ಗಳ ಟೆಂಪ್ಲೇಟ್ ಅಲ್ಲಿ ಬೇಕಾದಷ್ಟಿವೆ. ಫ್ರೀ ಖಾತೆಯಲ್ಲಿ ಒಂದು ಪ್ರಾಜೆಕ್ಟ್‌ಗೆ ನಿಮ್ಮ ಜೊತೆ ಇನ್ನೊಬ್ಬರನ್ನು ಸೇರಿಸಬಹುದು, ಗೈಡ್‌ಗೆ ಅಷ್ಟು ಸಾಕಲ್ವಾ? ಆದರೆ ಹಳೆಯ ಬದಲಾವಣೆಗಳು 24 ಗಂಟೆಯವು ಮಾತ್ರ ಸಿಗುತ್ತವೆ, ಪೂರ್ತಿ ಬೇಕಂದರೆ ದುಡ್ಡು.

ಊರಲ್ಲಿ ನೆಟ್‌ವರ್ಕ್ ಸಿಗಲ್ಲ ಅಂದಿರಲ್ಲ, ಅದಕ್ಕೇ ಶನಿವಾರ ಹೊರಡುವ ಮೊದಲು ಪೂರ್ತಿ ಪ್ರಾಜೆಕ್ಟನ್ನು ಜಿಪ್ ಆಗಿ ಇಳಿಸಿಕೊಳ್ಳಿ, ಅದಕ್ಕೆ ದುಡ್ಡಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡೋಕೆ ಟೆಕ್ ಲೈವ್, ಬರೆಯೋಕೆ ಟೆಕ್‌ಸ್ಟುಡಿಯೋ ಹಾಕಿಕೊಳ್ಳಿ, ಎರಡೂ ಬಿಟ್ಟಿ. ಟೆಕ್ ಲೈವ್ ಪೂರ್ತಿ ಹಾಕಿದರೆ ಹಲವು ಜಿಬಿ ಆಗುತ್ತದೆ, ಹಾಸ್ಟೆಲ್ ವೈಫೈನಲ್ಲಿ ರಾತ್ರಿ ಹಚ್ಚಿ ಮಲಗಿ. ಟೆಕ್ ಲೈವ್ ಬದಲು ಹಾಕಬಹುದಾದ ಮಿಕ್‌ಟೆಕ್ ಚಿಕ್ಕದು ನಿಜ, ಆದರೆ ಬೇಕಾದ ಪ್ಯಾಕೇಜನ್ನು ಆಗಾಗ ನೆಟ್‌ನಿಂದ ತರುತ್ತದೆ, ನಿಮ್ಮೂರ ಗದ್ದೆಯ ಬದುವಿನ ಮೇಲೆ ಕೂತಾಗಲೇ ಅದಕ್ಕೆ ಪ್ಯಾಕೇಜ್ ನೆನಪಾಗುತ್ತದೆ ನೋಡಿ! ಇನ್ನೊಂದು ಮಾತು, ಶನಿವಾರ ಭಾನುವಾರ ಆನ್‌ಲೈನ್ ಪ್ರತಿ ಮುಟ್ಟಬೇಡಿ ಸರ್ ಅಂತ ಗೈಡ್‌ಗೆ ಮೊದಲೇ ಹೇಳಿಬಿಡಿ. ಇಬ್ಬರೂ ಎರಡು ಪ್ರತಿ ತಿದ್ದಿ ಕೂತರೆ ಸೋಮವಾರ ಪೂರ್ತಿ ಅದನ್ನು ಕೂಡಿಸೋದೇ ಕೆಲಸ.

ಲೇಟೆಕ್‌ನಂಥದ್ದೇ ಕೆಲಸ ಮಾಡುವ ಟೈಪ್ಸ್ಟ್ ಅನ್ನೋ ಹೊಸ ತಂತ್ರಾಂಶದ ಬಗ್ಗೆಯೂ ಕೇಳಿರಬಹುದು. ಚೆನ್ನಾಗಿದೆ, ವೇಗವೂ ಇದೆ, ಆದರೆ ಅದು ಲೇಟೆಕ್ ಅಲ್ಲ. ಗೈಡ್ ಕೇಳಿದ್ದು ಲೇಟೆಕ್, ಮೂರು ಅಧ್ಯಾಯ ಆದಮೇಲೆ ಆ ಕಡೆ ಹೋಗಬೇಡಿ.

ಕನ್ನಡದ ತೊಂದರೆಗೆ ಎಡಿಟರ್ ಕಾರಣ ಅಲ್ಲ. ಸಾಮಾನ್ಯವಾಗಿ ಕಂಪೈಲರ್ (ಪಿಡಿಎಫ್ ಮಾಡಿಕೊಡುವ ಪ್ರೋಗ್ರಾಂ) ಪಿಡಿಎಫ್‌ಲೇಟೆಕ್ ಅಂತ ಇರುತ್ತದೆ, ಅದು ನಮ್ಮ ಯೂನಿಕೋಡ್ ಫಾಂಟ್ ಎತ್ತಿಕೊಳ್ಳಲ್ಲ. ಸೆಟ್ಟಿಂಗ್‌ನಲ್ಲಿ ಅದರ ಬದಲು ಝೀಲೇಟೆಕ್ (XeLaTeX) ಮಾಡಿ, ಫಾಂಟ್ ಆರಿಸೋಕೆ ಫಾಂಟ್‌ಸ್ಪೆಕ್ ಪ್ಯಾಕೇಜ್ ಸೇರಿಸಿ, ನೋಟೋ ಸೆರಿಫ್ ಕನ್ನಡ ಫಾಂಟ್ ಕೊಡಿ. ಫಾಂಟ್ ಸಿಗಲಿಲ್ಲ ಅಂದರೆ ಅದರ ಫೈಲನ್ನೇ ಪ್ರಾಜೆಕ್ಟ್‌ಗೆ ಏರಿಸಿ. ಸ್ಕ್ರಿಪ್ಟ್ ಕನ್ನಡ ಅಂತ ಹೇಳೋದು ಮರೆತರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಾಡುತ್ತವೆ. ಸಾರಾಂಶವನ್ನು ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದರೆ ಮಾತ್ರ ಇದ್ಯಾವುದೂ ನಡೆಯಲ್ಲ, ಮೊದಲು ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಪ್ರಶ್ನೆ: ನಾನು ಕೊಪ್ಪಳದಲ್ಲಿ ಇತಿಹಾಸ ಎಂಎ. ಕಿರುಪ್ರಬಂಧ 60 ಪುಟ, ಗಣಿತದ ಸೂತ್ರ ಒಂದೂ ಇಲ್ಲ. ನಾನೂ ಲೇಟೆಕ್ ಕಲಿಯಲೇ?

ಉತ್ತರ: ಸಲ್ಲಿಸುವ ದಿನ ಯಾವಾಗ? ಮುಂದಿನ ತಿಂಗಳಾದರೆ ಸುಮ್ನೆ ವರ್ಡ್‌ನಲ್ಲೇ ಮುಗಿಸಿ. ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟರೆ ಪರಿವಿಡಿ ತಾನೇ ಬರುತ್ತದೆ.